ದೇವರ ಕೃಪೆಗೆ ಕಂತು ಕಟ್ಟುವುದುಂಟೆ?



ಸಂಘದ ಸಭೆಯಲ್ಲಿ ನಾವು ಕೂತಾಗಲೆಲ್ಲ ಮಾತು ಸುತ್ತುವುದು ಮೂರೇ ವಿಷಯಗಳ ಸುತ್ತ: ಉಳಿತಾಯ, ಸಾಲ, ಬಡ್ಡಿ. ಈ ಸಲ ಬೇರೊಂದು ಮಾತನ್ನು ಎತ್ತಿಕೊಂಡಿದ್ದೇವೆ. ಕ್ರೈಸ್ತರು ಮಾತಿಗೊಮ್ಮೆ 'ದೇವರ ಕೃಪೆ', 'ವರಪ್ರಸಾದ', 'ಕೃತಜ್ಞತೆ' ಅನ್ನುತ್ತಾರಲ್ಲ, ಹಾಗಂದರೆ ಏನು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸಂಘಗಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಹೆಚ್ಚಿನವರು ಕೊಟ್ಟೂರೇಶ್ವರನ ತೇರಿಗೆ ಹೋಗುವವರು, ಮೈಲಾರದ ಕಾರಣಿಕಕ್ಕೆ ಕಿವಿಗೊಡುವವರು, ಉಚ್ಚಂಗಿದುರ್ಗದ ಗುಡ್ಡ ಹತ್ತುವವರು. ದರ್ಗಾಕ್ಕೆ ಸಕ್ಕರೆ ಓದಿಸುವವರೂ ಇದ್ದಾರೆ. ಯಾರ ನಂಬಿಕೆಯನ್ನೂ ಅಲುಗಾಡಿಸಲಿಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ 'ಈ ಫಾದರ್ರು, ಸಿಸ್ಟರ್ರು ನಮ್ಮೂರಿಗೆ ಯಾಕ ಬರ್ತಾರ, ಅವರಿಗೇನು ಲಾಭ?' ಎಂದು ಕೇಳುವವರಿಗೆ ನೇರವಾದ ಉತ್ತರ ಸಿಗಬೇಕಲ್ಲ. ಆ ಉತ್ತರ ಇರುವುದು ಈ ಕೃಪೆ ಎಂಬ ಮಾತಿನಲ್ಲೇ.

ಮೊದಲು ಹರಕೆಯಿಂದ ಶುರು ಮಾಡೋಣ, ಯಾಕಂದರೆ ಅದು ನಮಗೆಲ್ಲ ಗೊತ್ತಿರುವಂಥದ್ದು. ಮಗುವಿಗೆ ಜ್ವರ ಬಿಟ್ಟರೆ ದೀಡ ನಮಸ್ಕಾರ ಹಾಕ್ತೀನಿ, ಬೋರಿಗೆ ನೀರು ಬಿದ್ದರೆ ಗುಡಿಗೆ ಗಂಟೆ ಕಟ್ಟಿಸ್ತೀನಿ ಎಂದು ಬೇಡಿಕೊಳ್ಳುತ್ತೇವೆ. ಇದರಲ್ಲಿ ಕ್ರೈಸ್ತರೇನೂ ಕಡಿಮೆ ಇಲ್ಲ. ವೇಳಾಂಕಣಿಗೆ ಹೋಗಿ ಬೆಳ್ಳಿಯ ಕೈಕಾಲು ಒಪ್ಪಿಸಿ ಬರುವವರು ಬೇಕಾದಷ್ಟು ಜನ. ಕಷ್ಟದಲ್ಲಿರುವ ತಾಯಿ ಹಾಗೆ ಬೇಡಿಕೊಂಡರೆ ನಗುವಂಥದ್ದು ಏನಿಲ್ಲ. ಆದರೂ ಹರಕೆಯೊಳಗೆ ಒಂದು ಕರಾರು ಅಡಗಿದೆ: ನೀನು ಮೊದಲು ಕೊಡು, ಆಮೇಲೆ ನಾನು ಕೊಡ್ತೀನಿ. ತೀರಿಸದಿದ್ದರೆ ಏನಾಗುತ್ತದೋ ಎಂಬ ಅಂಜಿಕೆ ಬೆನ್ನಿಗೇ ಇರುತ್ತದೆ. ಯೇಸುಸ್ವಾಮಿ ಬೋಧಿಸಿದ ಕೃಪೆಯಲ್ಲಿ ಈ ಕರಾರು ಇಲ್ಲ. ಅಲ್ಲಿ ದೇವರು ಮೊದಲೇ ಕೊಟ್ಟುಬಿಟ್ಟಿದ್ದಾನೆ. ನಾವು ಒಳ್ಳೆಯವರಾದ ಮೇಲೆ ಕೊಟ್ಟದ್ದಲ್ಲ, ಬೇಡಿಕೊಂಡ ಮೇಲೆ ಕೊಟ್ಟದ್ದೂ ಅಲ್ಲ. ಸಂತ ಪೌಲರು ಇದನ್ನು ಕೂಲಿಯ ಲೆಕ್ಕದಲ್ಲೇ ವಿವರಿಸುತ್ತಾರೆ: ದುಡಿದವನಿಗೆ ಸಿಗುವುದು ಅವನ ಹಕ್ಕಿನ ಕೂಲಿ, ಕೃಪೆ ಹಾಗಲ್ಲ, ಅದು ಕೊಡುಗೆ.

ಸರ್ಕಾರದ ಸಬ್ಸಿಡಿಯಾದರೂ ಅರ್ಜಿ ಕೇಳುತ್ತದೆ, ರೇಷನ್ ಕಾರ್ಡು ಕೇಳುತ್ತದೆ, ಜಾತಿ ಆದಾಯದ ಸರ್ಟಿಫಿಕೇಟು ಕೇಳುತ್ತದೆ. ಕೃಪೆಗೆ ಅರ್ಜಿಯೇ ಇಲ್ಲ. ಯೇಸು ಇದಕ್ಕೆ ಮಳೆಯ ಹೋಲಿಕೆ ಕೊಟ್ಟರು. ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಸಮನೆ ಮಳೆ ಸುರಿಸುತ್ತಾನೆ ಅಂದರು. ಮುಗಿಲು ನೋಡಿ ಶೇಂಗಾ ಬಿತ್ತುವ ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದ ಮಳೆ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ.

ಹಾಗಾದರೆ ನಾವು ಏನೂ ಮಾಡಬೇಕಾಗಿಲ್ಲವೋ? ಇಲ್ಲಿಯೇ ಕೃತಜ್ಞತೆ ಬರುವುದು. ಲೂಕನ ಶುಭಸಂದೇಶದಲ್ಲಿ ಜಕ್ಕಾಯ ಎಂಬ ಕುಳ್ಳ ಮನುಷ್ಯನ ಕಥೆ ಇದೆ. ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಜನರಿಂದ ಹೆಚ್ಚು ಹೆಚ್ಚು ಹಿಂಡಿ ತನ್ನ ಮನೆ ತುಂಬಿಕೊಂಡವನು. ಯೇಸುವನ್ನು ನೋಡಬೇಕೆಂದು ಮರ ಹತ್ತಿ ಕೂತಿದ್ದ. ಯೇಸು ಆ ಮರದ ಕೆಳಗೆ ನಿಂತು, ಇವತ್ತು ನಿನ್ನ ಮನೆಗೇ ಬರುತ್ತೇನೆ ಅಂದರು. ಊರ ಜನ ಗೊಣಗಿದರು. ಯೇಸು ಅವನಿಗೆ ಒಂದು ಬುದ್ಧಿಮಾತನ್ನೂ ಹೇಳಿದಂತೆ ಅಲ್ಲಿ ಬರೆದಿಲ್ಲ. ಆದರೂ ಜಕ್ಕಾಯ ತಾನೇ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಯಾವುದು ಮೊದಲು ನಡೆಯಿತು ನೋಡಿರಿ. ವಾಪಸು ಕೊಡುತ್ತೇನೆ ಅಂದದ್ದರಿಂದ ಯೇಸು ಮನೆಗೆ ಬಂದದ್ದಲ್ಲ; ಯೇಸು ಮನೆಗೆ ಬಂದದ್ದರಿಂದ ಅವನ ಕೈ ಸಡಿಲಾಯಿತು. ಕ್ರೈಸ್ತ ಬಾಳುವೆ ಎಂದರೆ ಇದೇ ಕ್ರಮ. ಮಾತೆ ಮರಿಯಮ್ಮನವರದೂ ಹಾಗೇ. ನಿನ್ನಲ್ಲಿ ವರಪ್ರಸಾದ ತುಂಬಿದೆ ಎಂದು ದೇವದೂತ ಹೇಳಿಹೋದ ಮೇಲೆ ಅವರು ಮಾಡಿದ ಮೊದಲ ಕೆಲಸ, ಇಳಿವಯಸ್ಸಿನಲ್ಲಿ ಬಸುರಿಯಾಗಿದ್ದ ಬಂಧು ಎಲಿಜಬೇತಮ್ಮನ ಮನೆಗೆ ಗುಡ್ಡಗಾಡಿನ ದಾರಿ ಹಿಡಿದು ಹೋದದ್ದು. ಸುಮಾರು ಮೂರು ತಿಂಗಳು ಅಲ್ಲಿಯೇ ಇದ್ದರು.

ಈಗ ಸಾಲದ ಕಥೆಗೆ ಬರೋಣ. ಇದು ಮತ್ತಾಯನ ಶುಭಸಂದೇಶದ್ದು, ನಮ್ಮ ಸಂಘಗಳಿಗೆ ಹೇಳಿ ಮಾಡಿಸಿದಂತಿದೆ. ಒಬ್ಬ ರಾಜ ತನ್ನ ಸೇವಕರ ಲೆಕ್ಕ ನೋಡಲು ಕೂತ. ಒಬ್ಬನ ಬಾಕಿ ಹತ್ತು ಸಾವಿರ ತಲೆಂತು. ತಲೆಂತು ಅಂದರೆ ಎಷ್ಟು? ಆ ಕಾಲದಲ್ಲಿ ಒಂದು ತಲೆಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಲೆಕ್ಕ ಬರೆಯುವ ಪ್ರತಿನಿಧಿಗಳೇ, ಪೆನ್ನು ಹಿಡಿದು ಗುಣಿಸಿ ನೋಡಿರಿ: 6 ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ಕೆಲಸ ಸಿಕ್ಕಿತು ಅಂತಿಟ್ಟುಕೊಂಡರೂ, ಹೊಟ್ಟೆಗೆ ಒಂದು ಪೈಸೆ ಖರ್ಚು ಮಾಡದೆ ತೀರಿಸಲು 2 ಲಕ್ಷ ವರ್ಷ ಬೇಕು. ಬಡ್ಡಿ ಬೇರೆ ಹಿಡಿದಿಲ್ಲ! ಆ ಸೇವಕ ಕಾಲಿಗೆ ಬಿದ್ದು, ಸ್ವಲ್ಪ ತಾಳಿಕೊಳ್ಳಿ, ಎಲ್ಲ ತೀರಿಸಿಬಿಡ್ತೀನಿ ಅಂದ. ಎಂಥ ಮಾತು! ರಾಜನಿಗೆ ಗೊತ್ತು ಇದು ತೀರುವ ಸಾಲವಲ್ಲ ಎಂದು. ಅವಧಿ ಮುಂದಕ್ಕೆ ಹಾಕಲಿಲ್ಲ, ಕಂತು ಕಡಿಮೆ ಮಾಡಲಿಲ್ಲ, ಕನಿಕರಪಟ್ಟು ಸಾಲವನ್ನೇ ಅಳಿಸಿಹಾಕಿದ.

ಅದೇ ಮನುಷ್ಯ ಹೊರಗೆ ಬಂದ. ತನ್ನ ಜೊತೆಗಾರನೊಬ್ಬ ಎದುರಾದ. ಅವನು ಇವನಿಗೆ ಕೊಡಬೇಕಾದದ್ದು ನೂರು ದಿನಾರಿ, ಅಂದರೆ ನೂರು ದಿನದ ಕೂಲಿ. ಅದೇನೂ ಸಣ್ಣದಲ್ಲ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಒಂದು ಮನೆತನಕ್ಕೆ ವರ್ಷವಿಡೀ ಕೊಡುತ್ತೇವೆಂದು ಬರೆದದ್ದು ಅಷ್ಟೇ ದಿನದ ಕೆಲಸ. ಕೆರೆ ಹೂಳೆತ್ತಲು ಹೋದವರಿಗೆ ನೂರು ದಿನದ ತೂಕ ಗೊತ್ತು. ಬೈಬಲ್ ಈ ಸಾಲ ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದರೆ 6 ಕೋಟಿಯ ಮುಂದೆ ನೂರು! ಇವನು ಅವನ ಕುತ್ತಿಗೆ ಹಿಡಿದ, ಜೈಲಿಗೆ ಹಾಕಿಸಿದ. ರಾಜನಿಗೆ ಸಿಟ್ಟು ಬಂದದ್ದು ಆಗ.

ಕ್ರೈಸ್ತರು ಕ್ಷಮೆಯ ಬಗ್ಗೆ ಇಷ್ಟು ಮಾತಾಡುವುದು ಈ ಲೆಕ್ಕದಿಂದಾಗಿ. ನಮಗೆ ಮನ್ನಾ ಆದದ್ದು ದೊಡ್ಡದು, ನಾವು ಬಿಟ್ಟುಕೊಡಬೇಕಾದದ್ದು ಸಣ್ಣದು. ಹತ್ತು ವರ್ಷದಿಂದ ಮಾತು ಬಿಟ್ಟಿರುವ ನೆಗೆಣ್ಣಿ, ಬಾಣಂತನಕ್ಕೆ ಕರೆಯದ ತವರು, ಸಭೆಯಲ್ಲಿ ಎಲ್ಲರೆದುರು ಆಡಿದ ಒಂದು ಒರಟು ಮಾತು: ಇವೆಲ್ಲ ನೂರು ದಿನಾರಿಯ ಬಾಕಿಗಳು.

ಆದರೆ ಒಂದು ಮಾತು. ಇದನ್ನು ಓದಿ ಯಾರೂ 'ಅಕ್ಕಾ, ಹಂಗಾರ ನನ್ನ ಈ ತಿಂಗಳ ಕಂತು ಕ್ಷಮಿಸಿಬಿಡ್ರಿ' ಅಂತ ಬರಬೇಡ್ರಿ! ರಾಜ ಬಿಟ್ಟುಕೊಟ್ಟದ್ದು ತನ್ನ ಸ್ವಂತ ಹಣ. ಸಂಘದ ಪೆಟ್ಟಿಗೆಯಲ್ಲಿರುವುದು ಇಪ್ಪತ್ತು ಮಂದಿಯ ಬೆವರು. ಅದನ್ನು ಮನ್ನಾ ಮಾಡುವ ಅಧಿಕಾರ ಪ್ರತಿನಿಧಿಗೂ ಇಲ್ಲ, ನಮಗೂ ಇಲ್ಲ. ಕಂತು ತಪ್ಪಿದವಳ ಮನೆಗೆ ಹೋಗಿ ಏನಾಯ್ತವ್ವಾ ಎಂದು ಕೇಳಬಹುದು, ಎಲ್ಲರೂ ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆದು ಅವಧಿ ಹೆಚ್ಚಿಸಬಹುದು. ಮನೆ ಮುಂದೆ ನಿಂತು ಕೂಗಾಡಿ ಮಾನ ಕಳೆಯುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.

ಯೇಸು ಹೇಳಿದ ಇನ್ನೊಂದು ಸಾಲದ ಕಥೆ ಬಹಳ ಚಿಕ್ಕದು. ಸಿಮೋನ ಎಂಬ ಧರ್ಮಿಷ್ಠನ ಮನೆಯಲ್ಲಿ ಊಟಕ್ಕೆ ಕೂತಾಗ ಆ ಊರಿನ ಒಬ್ಬ ಹೆಂಗಸು ಒಳಗೆ ಬಂದಳು. ಊರೆಲ್ಲ ಅವಳನ್ನು ಪಾಪಿ ಅಂತಲೇ ಕರೆಯುತ್ತಿತ್ತು; ಅವಳ ಹೆಸರೇನೆಂದು ಶುಭಸಂದೇಶದಲ್ಲಿಯೂ ಇಲ್ಲ. ಅವಳು ಅಳುತ್ತಾ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದು, ಕೂದಲಿನಿಂದ ಒರೆಸಿ, ತಂದಿದ್ದ ಸುಗಂಧ ತೈಲವನ್ನೆಲ್ಲ ಸುರಿದಳು. ಸಿಮೋನ ಒಳಗೊಳಗೇ ಮುಖ ಸಿಂಡರಿಸಿದ. ಆಗ ಯೇಸು ಕೇಳಿದರು: ಒಬ್ಬ ಸಾಹುಕಾರನಿಗೆ ಇಬ್ಬರು ಸಾಲಗಾರರು, ಒಬ್ಬ 500 ದಿನಾರಿ ಕೊಡಬೇಕು, ಇನ್ನೊಬ್ಬ 50. ಇಬ್ಬರಿಗೂ ಕೈಲಾಗಲಿಲ್ಲ, ಸಾಹುಕಾರ ಇಬ್ಬರದೂ ಬಿಟ್ಟುಬಿಟ್ಟ. ಯಾರಿಗೆ ಅವನ ಮೇಲೆ ಹೆಚ್ಚು ಪ್ರೀತಿ? ಸಿಮೋನ ತನ್ನ ಬಾಯಿಂದಲೇ ಉತ್ತರ ಹೇಳಬೇಕಾಯಿತು.

ನಮ್ಮ ಸೀಮೆಯಲ್ಲಿ ಈ ಕಥೆ ಓದುವಾಗ ನಾವು ಸ್ವಲ್ಪ ತಡೆದು ಓದುತ್ತೇವೆ. ದೇವದಾಸಿ ಬಿಡುವ ಪದ್ಧತಿಗೆ ಸಿಕ್ಕ ಎಷ್ಟೋ ತಾಯಂದಿರು ಕೂಡ್ಲಿಗಿ, ಹರಪನಹಳ್ಳಿ ಕಡೆ ಇಂದಿಗೂ ಬದುಕಿದ್ದಾರೆ. ಅದನ್ನು ಮೊದಲೇ ನಿಷೇಧಿಸಿದ ಕರ್ನಾಟಕದ ಕಾಯ್ದೆಗೆ 1982 ಎಂಬ ವರ್ಷದ ಹೆಸರಿತ್ತು, ಆದರೆ ಊರ ಬಾಯಿ ಕಾಯ್ದೆಯಿಂದ ಮುಚ್ಚುವುದಿಲ್ಲ. ಈ ತಾಯಂದಿರನ್ನು ಪಾಪಿ ಎಂದು ಕರೆಯುವುದು ನಮಗೆ ಒಪ್ಪಿತವಲ್ಲ. ಏನೂ ಅರಿಯದ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿದ್ದು ಅವಳು ಮಾಡಿದ ಪಾಪವಲ್ಲ, ಅವಳಿಗೆ ಆದ ಅನ್ಯಾಯ. ಕೃಪೆ ಅಂದರೆ ಇಲ್ಲಿ ಇಷ್ಟೇ: ಊರು ಮುಖ ತಿರುಗಿಸಿದಾಗ ದೇವರು ತಿರುಗಿಸಲಿಲ್ಲ. ಆ ಮನೆಯಲ್ಲಿ ಅಷ್ಟು ದೊಡ್ಡ ಮನುಷ್ಯರಿದ್ದರೂ ಯೇಸು ಮುಖ ಕೊಟ್ಟು ಮಾತಾಡಿ, ಸಮಾಧಾನದಿಂದ ಹೋಗು ಎಂದು ಕಳಿಸಿದ್ದು ಆ ಹೆಂಗಸನ್ನು. ಸಂಘದಲ್ಲಿ ಅಂಥ ತಾಯಿಯ ಪಕ್ಕ ಚಾಪೆಯ ಮೇಲೆ ಕೂರಲು ಹಿಂದೆಮುಂದೆ ನೋಡುವವರು ಈ ಸಿಮೋನನ ಮನೆಯನ್ನು ನೆನೆಸಿಕೊಳ್ಳಲಿ.

ಕೃತಜ್ಞತೆ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಕೊಡುತ್ತೇವೆ. ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ಬಂದದ್ದು ಕಾಲೇಜಿನ ಕೆಲಸಕ್ಕೆ. ಬಿಡುವಿನಲ್ಲಿ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ಶುರುವಾಯಿತು, 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ. ಆಗ ಕುಷ್ಠಕ್ಕೆ ಸರಿಯಾದ ಮದ್ದೇ ಇರಲಿಲ್ಲ. ಸ್ವಂತ ಮಕ್ಕಳೇ ಹೊರಗೆ ಹಾಕಿದ ಕಾಲ. ಫಾದರ್ ಮುಲ್ಲರ್ 1910ರ ನವೆಂಬರ್ 1ರಂದು ಅಲ್ಲಿಯೇ ತೀರಿಕೊಂಡರು. ಅಂದು ನೆಟ್ಟದ್ದು ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ನಿಂತಿದೆ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳ ಕಥೆಯಲ್ಲಿ ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ. ಅವನೂ ಬೇರೆ ಜನಾಂಗದವನು, ಸಮಾರಿಯದವನು. ಫಾದರ್ ಮುಲ್ಲರರಂಥವರು ಆ ಒಬ್ಬನ ಸಾಲಿನಲ್ಲಿ ನಿಲ್ಲುತ್ತಾರೆ. ದೇವರಿಗೆ ನೇರವಾಗಿ ಏನನ್ನೂ ತಿರುಗಿ ಕೊಡಲಾಗದು, ಹಾಗಾಗಿ ಮುಂದಿರುವ ಮನುಷ್ಯನಿಗೆ ಕೊಡುತ್ತಾರೆ. (ಕುಷ್ಠದ ಮಾತು ಬಂತಲ್ಲ: ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಬಿಳಚಿದ ಮಚ್ಚೆ ಕಂಡರೆ ಮುಚ್ಚಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ, ರೋಗ ಪೂರ್ತಿ ವಾಸಿಯಾಗುತ್ತದೆ.)

ಈಗ ಒಂದು ಕಷ್ಟದ ಪ್ರಶ್ನೆ. ಬಡವರಿಗೆ, ಅದರಲ್ಲೂ ಹೆಂಗಸರಿಗೆ, ಕೃತಜ್ಞತೆಯ ಪಾಠ ಹೇಳುವವರಿಗೇನೂ ಕೊರತೆಯಿಲ್ಲ. 'ಉಪ್ಪು ತಿಂದ ಮನೆಗೆ ದ್ರೋಹ ಮಾಡಬೇಡ' ಅನ್ನುತ್ತಾ ಎಷ್ಟು ತಲೆಮಾರು ಜೀತಕ್ಕೆ ಇಟ್ಟುಕೊಂಡರು! 1976ರ ಕಾಯ್ದೆ ಜೀತವನ್ನು ಅಳಿಸಿತು, ಆದರೆ ಆ ಮಾತು ಇನ್ನೂ ಓಡಾಡುತ್ತಿದೆ. ಮದುವೆಗೆ ಸಾಲ ಕೊಟ್ಟ ಸಾಹುಕಾರ ಕಡಿಮೆ ಕೂಲಿಗೆ ಕರೆದರೆ ಹೋಗಬೇಕು, ಬಾಳು ಕೊಟ್ಟ ಗಂಡ ಕುಡಿದು ಹೊಡೆದರೆ ಸಹಿಸಬೇಕು. ಇದು ಕೃತಜ್ಞತೆಯಲ್ಲ. ಇದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ: ಹಂಗು. ಹಂಗಿನಲ್ಲಿ ಕೊಟ್ಟವನು ದಿನಾ ನೆನಪಿಸುತ್ತಾನೆ, ತೆಗೆದುಕೊಂಡವಳು ದಿನಾ ಕುಗ್ಗುತ್ತಾಳೆ. ಕೃಪೆಯಲ್ಲಿ ಕೊಟ್ಟವನು ಹಿಡಿತ ಇಟ್ಟುಕೊಳ್ಳುವುದಿಲ್ಲ, ಪಡೆದವಳು ತಲೆ ಎತ್ತುತ್ತಾಳೆ. ಈ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಹೊಲಿಗೆ ಯಂತ್ರ ಕೊಟ್ಟು, ಅದಕ್ಕೆ ಬಡ್ಡಿಯಾಗಿ ನಿಮ್ಮ ಧರ್ಮವನ್ನೋ, ನಿಮ್ಮ ವೋಟನ್ನೋ, ನಿಮ್ಮ ಮೌನವನ್ನೋ ಯಾರಾದರೂ ಕೇಳಿದರೆ, ಕೇಳಿದವರು ನಿಲುವಂಗಿ ತೊಟ್ಟಿದ್ದರೂ ಸರಿ, ಅದು ಕೃಪೆಯ ಕೆಲಸವಲ್ಲ.

ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ ಸಿಸ್ಟರ್ ರಾಣಿ ಮರಿಯ ಎಂಬ ಕನ್ಯಾಸ್ತ್ರೀ ಕೆಲಸ ಮಾಡುತ್ತಿದ್ದರು. 1954ರಲ್ಲಿ ಕೇರಳದಲ್ಲಿ ಹುಟ್ಟಿದವರು. ಅಲ್ಲಿನ ಬಡ ಆದಿವಾಸಿಗಳು ಬಡ್ಡಿ ಸಾಹುಕಾರರ ಕೈಯಲ್ಲಿ ಸಿಕ್ಕಿಕೊಂಡಿದ್ದರು. ಸಿಸ್ಟರ್ ಅವರನ್ನು ಗುಂಪುಗೂಡಿಸಿದರು, ಬ್ಯಾಂಕಿನ ದಾರಿ ತೋರಿಸಿದರು, ಸರ್ಕಾರದ ಯೋಜನೆಗಳು ಕೈಗೆ ಸಿಗುವಂತೆ ಮಾಡಿದರು. ನಿಮ್ಮ ಸಂಘ ಮಾಡುವಂಥದ್ದೇ ಕೆಲಸ. ಅದು ಕೆಲವರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು, ಬಸ್ಸಿನಲ್ಲಿ ಹೋಗುತ್ತಿದ್ದಾಗ, ಬಾಡಿಗೆಗೆ ಹಿಡಿದ ಒಬ್ಬ ಯುವಕ ಅವರನ್ನು ಇರಿದು ಕೊಂದ. ಅವರ ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು.

ಕೊಂದವನಿಗೆ ಶಿಕ್ಷೆಯಾಯಿತು, ಜೈಲಿಗೆ ಹೋದ. 2002ರ ರಕ್ಷಾಬಂಧನದ ದಿನ ಸಿಸ್ಟರ್ ಅವರ ಸ್ವಂತ ತಂಗಿ, ಆಕೆಯೂ ಕನ್ಯಾಸ್ತ್ರೀ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣ ಎಂದು ಒಪ್ಪಿಕೊಂಡರು. ಮನೆಯವರೇ ಅವನ ಬಿಡುಗಡೆಗಾಗಿ ಕೇಳಿಕೊಂಡರು, 2006ರಲ್ಲಿ ಅವನು ಹೊರಗೆ ಬಂದ. ಮುಂದಿನ ವರ್ಷ ಕೇರಳಕ್ಕೆ ಹೋಗಿ ಆ ತಾಯ್ತಂದೆಯರ ಮುಂದೆ ನಿಂತ. ರಾಣಿ ಮರಿಯ ಅವರನ್ನು ಧರ್ಮಸಭೆ 2017ರ ನವೆಂಬರ್ 4ರಂದು ಇಂದೋರಿನಲ್ಲಿ ಪುನೀತೆ ಎಂದು ಸಾರಿತು. ಇಲ್ಲಿ ಎರಡು ಸಂಗತಿಗಳನ್ನು ಕೂಡಿಸಿ ನೋಡಬೇಕು. ಸಿಸ್ಟರ್ ರಾಣಿ ಮರಿಯ ಸಾಹುಕಾರರ ಮುಂದೆ ಬಾಯಿ ಮುಚ್ಚಿ ಕೂರಲಿಲ್ಲ. ಹಾಗೆಯೇ ಅವರ ಮನೆಯವರು ಕ್ಷಮಿಸಿದ್ದು ಕಾನೂನು ತನ್ನ ಕೆಲಸ ಮಾಡಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ತಾವಾಗಿಯೇ. ಆದ್ದರಿಂದ ಮನೆಯಲ್ಲಿ ಹೊಡೆತ ತಿನ್ನುವ ತಂಗಿಗೆ 'ಕ್ಷಮಿಸಿ ಸುಮ್ನಿರವ್ವಾ' ಎಂದು ಯಾರೂ ಹೇಳಕೂಡದು. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯ್ದೆ ಇದೆ, ತಾಲ್ಲೂಕಿನ ಸಿಡಿಪಿಓ ಕಚೇರಿಯಲ್ಲಿ ದೂರು ಕೊಡಬಹುದು, 181ಕ್ಕೆ ಫೋನ್ ಮಾಡಬಹುದು. ಮೊದಲು ಅವಳ ಜೀವ ಉಳಿಯಲಿ, ಕ್ಷಮೆಯ ಮಾತನ್ನು ಅವಳೇ ತನ್ನ ಕಾಲಕ್ಕೆ ಆಡಲಿ.

ಕೃತಜ್ಞತೆಗೆ ಹಬ್ಬವೂ ಉಂಟು. ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಹುಟ್ಟುಹಬ್ಬದ ದಿನ, ತೆನೆಹಬ್ಬ ಮಾಡುತ್ತಾರೆ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆ ಹೊಸ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಕುಡಿದ ಮೇಲೆಯೇ ಊಟ, ಅದೂ ತರಕಾರಿ ಊಟ. ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವುದನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ. ಉಣ್ಣುವ ಮೊದಲು ಕೊಟ್ಟವನನ್ನು ನೆನೆಯುವುದು ಎರಡು ಕಡೆಯೂ ಒಂದೇ. ಭಾನುವಾರದ ಬಲಿಪೂಜೆಗೆ ಗ್ರೀಕ್ ಭಾಷೆಯಲ್ಲಿರುವ ಹಳೆಯ ಹೆಸರಿನ ಅರ್ಥವೇ ಕೃತಜ್ಞತೆ ಸಲ್ಲಿಸುವುದು ಎಂದು.

ಬೈಬಲಿನ ಹಳೆಯ ಕಾಯ್ದೆಯಲ್ಲಿ ಸುಗ್ಗಿಗೆ ಇನ್ನೊಂದು ನಿಯಮವಿತ್ತು. ಹೊಲದ ಮೂಲೆ ಮೂಲೆ ಬಳಿದು ಕೊಯ್ಯಬಾರದು, ಬಿದ್ದ ತೆನೆ ಆರಿಸಬಾರದು, ಮರೆತುಬಂದ ಸಿವುಡನ್ನು ತರಲು ತಿರುಗಿ ಹೋಗಬಾರದು. ಅದು ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ. ಕಾರಣವನ್ನೂ ಅಲ್ಲಿಯೇ ಹೇಳಿದೆ: ನೀವೂ ಈಜಿಪ್ಟಿನಲ್ಲಿ ಜೀತದವರಾಗಿದ್ದಿರಿ, ನೆನಪಿಡಿ. ನಾವು ಹಕ್ಕಲು ಅನ್ನುತ್ತೇವಲ್ಲ, ಅದೇ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಕಾಯಿ ಆರಿಸುವ ಹೆಂಗಸರು ಮಕ್ಕಳು ಇಂದಿಗೂ ಇದ್ದಾರೆ. ಕೆಲವು ಹೊಲದವರು ಬೈದು ಓಡಿಸುತ್ತಾರೆ, ಕೆಲವರು ನೋಡಿಯೂ ನೋಡದಂತೆ ಆ ಕಡೆ ತಿರುಗುತ್ತಾರೆ.

ಹಾಗೆ ಹಕ್ಕಲು ಆರಿಸಲು ಬಂದವಳು ರೂತ್. ಗಂಡ ಸತ್ತವಳು, ಪರದೇಶದ ಮೋವಾಬಿನವಳು, ವಿಧವೆ ಅತ್ತೆಯನ್ನು ಬಿಟ್ಟುಹೋಗಲಾರದೆ ಬೆತ್ಲೆಹೇಮಿಗೆ ಬಂದವಳು. ಹೊಲದ ಯಜಮಾನ ಬೋವಜ ಅವಳನ್ನು ತಡೆಯಲಿಲ್ಲ. ತನ್ನ ಆಳುಗಳ ಜೊತೆಗೇ ಊಟಕ್ಕೆ ಕೂರಿಸಿದ. ಆಮೇಲೆ ಅವಳಿಗೆ ಕೇಳದಂತೆ ಆಳುಗಳಿಗೆ, ಕಟ್ಟಿದ ಸಿವುಡುಗಳಿಂದ ಬೇಕೆಂದೇ ಕೆಲವು ತೆನೆ ಎಳೆದು ಕೆಳಗೆ ಬಿಡಿ, ಅವಳನ್ನು ಗದರಿಸಬೇಡಿ ಎಂದು ಹೇಳಿದ. ಸಂಜೆ ಅವಳು ಆರಿಸಿದ್ದನ್ನು ಬಡಿದಾಗ ಇಪ್ಪತ್ತು ಲೀಟರಿಗೂ ಹೆಚ್ಚು ಜವೆಗೋಧಿ ಆಯಿತು. ಅದನ್ನು ಹೊತ್ತುಕೊಂಡು ಮನೆಗೆ ಬಂದಳು. ಮಧ್ಯಾಹ್ನ ಹೊಲದಲ್ಲಿ ತಾನು ಹೊಟ್ಟೆ ತುಂಬ ಉಂಡು ಉಳಿಸಿಕೊಂಡಿದ್ದ ಹುರಿದ ಕಾಳನ್ನೂ ಸೆರಗಿನಿಂದ ಬಿಚ್ಚಿ ಅತ್ತೆಯ ಕೈಗೆ ಹಾಕಿದಳು.